ಊರು ಕಳೆದುಕೊಂಡ ಇಗರ್ಜಿ

ಮನೆ, ಮಠ, ದೇವಸ್ಥಾನಗಳನ್ನು ನಾವು ಸ್ಥಾವರವೆಂದು ಕರೆಯುತ್ತೇವೆ. ಜನ ಬರುತ್ತಾರೆ, ಹೋಗುತ್ತಾರೆ. ಕಟ್ಟಡವಾದರೋ ಕಟ್ಟಿದ ಕಡೆಯಲ್ಲೇ ನಿಂತಿರುತ್ತದೆ. ಈ ಮಾತಿಗೆ ಅಪವಾದವಾದ ಇಗರ್ಜಿಯೊಂದು ಜರ್ಮನಿಯಲ್ಲಿದೆ. ಏಳು ಶತಮಾನಗಳಿಗೂ ಹೆಚ್ಚು ಕಾಲ ಒಂದೇ ಹಳ್ಳಿಯಲ್ಲಿದ್ದ ಆ ಕಲ್ಲಿನ ಕಟ್ಟಡ 2007ನೆಯ ಇಸವಿಯಲ್ಲಿ ಇಡಿಯಾಗಿ ಎದ್ದು, 12 ಕಿಲೋಮೀಟರ್ ದೂರದ ಪಟ್ಟಣಕ್ಕೆ ಹೋಗಿ ನೆಲೆಸಿತು. ಅದರ ಹೆಸರು ಎಮ್ಮಾಹು ಇಗರ್ಜಿ. ಅದರ ಊರು, ಸ್ಯಾಕ್ಸನಿ ಪ್ರಾಂತದಲ್ಲಿ ಲೈಪ್‌ಜಿಗ್ ನಗರಕ್ಕೆ ದಕ್ಷಿಣದಲ್ಲಿದ್ದ ಹೊಯರ್ಸ್‌ಡೋರ್ಫ್. ಇದ್ದ ಎಂದು ಹೇಳಬೇಕಾಗಿದೆ. ಆ ಊರು ಈಗ ಇಲ್ಲ.

ಮೊದಲು ಕಟ್ಟಡವನ್ನು ನೋಡೋಣ. ಇದು 13ನೆಯ ಶತಮಾನದ್ದು. ರೋಮನೆಸ್ಕ್ ಎಂದು ಹೆಸರಾದ ಶೈಲಿಯದು. ಮುಗಿಲಿಗೆ ಚಾಚುವ ಗೋಪುರಗಳು, ಬಣ್ಣದ ಗಾಜಿನ ದೊಡ್ಡ ಕಿಟಕಿಗಳು ಯೂರೋಪಿನಲ್ಲಿ ಬಳಕೆಗೆ ಬರುವ ಮುಂಚೆ ಬೆಳೆದ ಶೈಲಿ ಅದು. ದಪ್ಪ ಗೋಡೆ, ಚಿಕ್ಕ ಕಿಟಕಿ, ಅರ್ಧವೃತ್ತದ ಕಮಾನು, ಒಳಗೆ ಮಂದವಾದ ಬೆಳಕು, ಇವು ಅದರ ಲಕ್ಷಣಗಳು. ನಮ್ಮ ಇಗರ್ಜಿಯ ಉದ್ದ 15 ಮೀಟರಿಗೆ ತುಸು ಕಡಮೆ, ಅಗಲ ಸುಮಾರು 9 ಮೀಟರ್, ಮಾಡಿನ ಮೇಲಿನ ಪುಟ್ಟ ಶಿಖರದ ತುದಿಯವರೆಗೆ ಎತ್ತರ ಸುಮಾರು 20 ಮೀಟರ್. ರಾಜರು ಕಟ್ಟಿಸಿದ ಮಹಾದೇವಾಲಯಗಳ ಪಕ್ಕದಲ್ಲಿ ಇದೊಂದು ಗುಡಿಸಲಿನಂತೆ ಕಾಣುತ್ತದೆ. ಆದರೆ ಹಳ್ಳಿಯ ಬಾಳಿಗೆ ಅಷ್ಟು ಸಾಕಾಗಿತ್ತು. ಮಗುವಿಗೆ ದೀಕ್ಷಾಸ್ನಾನ, ಮದುವೆ, ಕೊನೆಯ ಪ್ರಾರ್ಥನೆ ಎಲ್ಲವೂ ಅಲ್ಲಿಯೇ. ಹದಿನಾರನೆಯ ಶತಮಾನದಲ್ಲಿ ಲೂಥರನ ಸುಧಾರಣೆ ಸ್ಯಾಕ್ಸನಿಯಲ್ಲೆಲ್ಲ ಹಬ್ಬಿತು. ಪೂಜೆಯ ಕ್ರಮ ಬದಲಾಯಿತು, ಗೋಡೆಗಳು ಬದಲಾಗಲಿಲ್ಲ.

ಈ ಇಗರ್ಜಿಗೆ ಕುತ್ತು ಬಂದದ್ದು ಯುದ್ಧದಿಂದಲ್ಲ, ಬೆಂಕಿಯಿಂದಲ್ಲ, ನೆಲದಡಿಯ ಸಂಪತ್ತಿನಿಂದ. ಲೈಪ್‌ಜಿಗ್ ಸುತ್ತಿನ ನೆಲದಲ್ಲಿ ಕಂದು ಕಲ್ಲಿದ್ದಲು, ಅಂದರೆ ಲಿಗ್ನೈಟ್, ಹೇರಳವಾಗಿದೆ. ಅದನ್ನು ಸುರಂಗ ತೋಡಿ ತೆಗೆಯುವುದಿಲ್ಲ. ಮೇಲಿನ ಮಣ್ಣನ್ನೆಲ್ಲ ಸರಿಸಿ ಬಯಲುಗಣಿ ಮಾಡುತ್ತಾರೆ. ಮಣ್ಣು ಸರಿಸುವುದೆಂದರೆ ಅದರ ಮೇಲಿನ ಹೊಲ, ರಸ್ತೆ, ಮನೆಗಳನ್ನೂ ಸರಿಸುವುದೇ. ಹೀಗೆ 20ನೆಯ ಶತಮಾನದಲ್ಲಿ ಆ ಸೀಮೆಯ ಹತ್ತಾರು ಹಳ್ಳಿಗಳು ಮಾಯವಾದವು. ಲಿಪ್ಪೆನ್‌ಡೋರ್ಫಿನ ವಿದ್ಯುತ್ ಸ್ಥಾವರಕ್ಕೆ ಕಲ್ಲಿದ್ದಲು ಒದಗಿಸುವ ಶ್ಲೇನ್‌ಹೈನ್ ಗಣಿ ಬೆಳೆಯುತ್ತ ಹೊಯರ್ಸ್‌ಡೋರ್ಫಿನ ಬಾಗಿಲಿಗೂ ಬಂತು.

ಸುಮಾರು ಮುನ್ನೂರು ಜನರ ಆ ಊರು ಸುಮ್ಮನೆ ಕೂರಲಿಲ್ಲ. ಊರನ್ನು ತೆರವು ಮಾಡುವ ಕಾನೂನನ್ನು ಪ್ರಾಂತದ ಶಾಸನಸಭೆ 1998ರಲ್ಲಿ ಮಾಡಿದಾಗ ಮೊಕದ್ದಮೆ ಹೂಡಿತು. 2000ದಲ್ಲಿ ಸ್ಯಾಕ್ಸನಿಯ ಸಂವಿಧಾನ ನ್ಯಾಯಾಲಯ ಆ ಕಾನೂನನ್ನು ಅಸಿಂಧುವೆಂದು ತಳ್ಳಿಹಾಕಿತು. ಆದರೆ 2004ರಲ್ಲಿ ಎರಡನೆಯ ಕಾನೂನು ಬಂತು. 2005ರಲ್ಲಿ ಅದೇ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಅಲ್ಲಿಗೆ ಊರಿನ ಹಣೆಬರಹ ತೀರ್ಮಾನವಾಯಿತು. ಇಗರ್ಜಿಯನ್ನಾದರೂ ಉಳಿಸಬೇಕೆಂದಾಗ, ಗಣಿ ನಡೆಸುವ ಮಿಬ್ರಾಗ್ ಕಂಪನಿ ಸುಮಾರು 30 ಲಕ್ಷ ಯೂರೋಗಳ ಖರ್ಚನ್ನು ತಾನೇ ಹೊತ್ತುಕೊಂಡಿತು.

ಕಲ್ಲುಕಲ್ಲಾಗಿ ಬಿಚ್ಚಿ ಮತ್ತೆ ಜೋಡಿಸಬಹುದಾಗಿತ್ತಲ್ಲ ಎಂದು ನೀವು ಕೇಳಬಹುದು. ಸಮನಾಗಿ ಕಡೆದ ಚಪ್ಪಡಿಗಳ ಕಟ್ಟಡವಾಗಿದ್ದರೆ ಅದು ಸಾಧ್ಯ. ಇದು ಒರಟು ಕಾಡುಗಲ್ಲುಗಳನ್ನು ಗಾರೆಯಲ್ಲಿ ಕೂರಿಸಿದ ಗೋಡೆ. ಬಿಚ್ಚಿದರೆ ಉಳಿಯುವುದು ಕಲ್ಲಿನ ರಾಶಿ ಮಾತ್ರ. ಇಂಥ ಗೋಡೆ ಮೇಲಿನ ಭಾರವನ್ನು ಎಷ್ಟಾದರೂ ಹೊರುತ್ತದೆ. ಎಳೆತವನ್ನು, ತಿರುಚುವಿಕೆಯನ್ನು ತಾಳಲಾರದು. ಆದ್ದರಿಂದ ಎಂಜಿನಿಯರರು ಮೊದಲು ಗೋಡೆಯೊಳಗಿನ ಸಂದುಗಳಿಗೆ ಗಾರೆ ತುಂಬಿಸಿದರು. ಸುತ್ತಲೂ ಉಕ್ಕಿನ ಕಟ್ಟು ಬಿಗಿದರು. ಬುಡದಲ್ಲಿ ಕಾಂಕ್ರೀಟಿನ ಹೊಸ ಪೀಠ ಕೂರಿಸಿದರು. ಬಳಿಕ ಜಾಕಿಗಳಿಂದ ಇಡೀ ಕಟ್ಟಡವನ್ನು ಮೆಲ್ಲಗೆ ಮೇಲೆತ್ತಿ, ಅದರಡಿಗೆ ಅನೇಕ ಗಾಲಿಗಳ ವಾಹನವನ್ನು ನುಗ್ಗಿಸಿದರು. ದಾರಿ ಏರಿದರೂ ಇಳಿದರೂ ಕಟ್ಟಡ ಮಟ್ಟವಾಗಿಯೇ ಇರುವಂತೆ ಗಾಲಿಗಳ ಎತ್ತರವನ್ನು ಕ್ಷಣಕ್ಷಣವೂ ಸರಿಪಡಿಸಬಹುದಾದ ವಾಹನ ಅದು.

ಅಕ್ಟೋಬರ್ ಕೊನೆಯ ವಾರದಲ್ಲಿ, ಆರುನೂರು ಟನ್ನಿಗೂ ಮೀರಿದ ಭಾರದ ಇಗರ್ಜಿ ನಡಿಗೆಗಿಂತ ನಿಧಾನವಾಗಿ ಹೊರಟಿತು. ದಾರಿಯ ತಂತಿಗಳನ್ನು ಬಿಚ್ಚಬೇಕಾಯಿತು. ರೈಲುಹಳಿಯನ್ನೂ, ಪ್ಲೈಸೆ ಮತ್ತು ವೀರಾ ನದಿಗಳನ್ನೂ ದಾಟಬೇಕಾಯಿತು. ಅಕ್ಟೋಬರ್ 31ರಂದು, ಅಂದರೆ ಲೂಥರನ ಸುಧಾರಣೆಯನ್ನು ನೆನೆಯುವ ದಿನ, ಅದು ಬೋರ್ನಾ ಪಟ್ಟಣವನ್ನು ಮುಟ್ಟಿತು. ಹೊಸ ನೆಲೆ ಮಾರ್ಟಿನ್ ಲೂಥರ್ ಚೌಕ. ಎಮ್ಮಾಹು ಎಂಬುದು ಬೈಬಲಿನ ಒಂದು ಹಳ್ಳಿಯ ಹೆಸರು. ಯೇಸುವಿನ ಮರಣದ ಬಳಿಕ ದುಃಖದಿಂದ ಇಬ್ಬರು ಶಿಷ್ಯರು ಯೆರೂಸಲೇಮಿನಿಂದ ಆ ಹಳ್ಳಿಗೆ ನಡೆದುಹೋದರೆಂದು ಲೂಕನ ಸುವಾರ್ತೆ ಹೇಳುತ್ತದೆ. ಅವರು ನಡೆದ ದಾರಿ ಈಗಿನ ಲೆಕ್ಕದಲ್ಲಿ ಸುಮಾರು 11 ಕಿಲೋಮೀಟರ್. ಅವರ ಊರಿನ ಹೆಸರು ಹೊತ್ತ ಇಗರ್ಜಿಗೂ ಹೆಚ್ಚುಕಡಮೆ ಅಷ್ಟೇ ದೂರದ ಪಯಣ ಒದಗಿತು.

ಹಾಗಾದರೆ ಇದು ಗೆಲುವೋ, ಸೋಲೋ? ಹೊಯರ್ಸ್‌ಡೋರ್ಫಿನಲ್ಲಿ ತಾಬೋರ್ ಎಂಬ ಇನ್ನೊಂದು ಇಗರ್ಜಿಯೂ ಇತ್ತು. ಅದನ್ನು ಊರಿನ ಮನೆಗಳೊಡನೆ ಕೆಡವಿದರು. ಉಳಿದುಕೊಂಡದ್ದು ಹೆಚ್ಚು ಹಳೆಯದು. ಹಳತನವೇ ಅದನ್ನು ಕಾಪಾಡಿತು. ಮುನ್ನೂರು ಜನರ ಬದುಕಿಗೆ ಸಿಗದ ರಕ್ಷಣೆ ಅವರ ಪೂರ್ವಿಕರ ಗೋಡೆಗೆ ಸಿಕ್ಕಿತು. ಊರಿನವರು ಬೇರೆ ಬೇರೆ ಕಡೆ ಹಂಚಿಹೋದರು. ಹೊಲದಿಂದ ಬಂದವನು ಗಂಟೆಯ ಸದ್ದು ಕೇಳಿ ಟೋಪಿ ತೆಗೆಯುವ ಆ ಹಳ್ಳಿಯನ್ನು ಯಾವ ಗಾಲಿಯ ಮೇಲೂ ಹೇರಲಾಗಲಿಲ್ಲ.

ಇಂದು ಬೋರ್ನಾದಲ್ಲಿ ಅದು ಪಟ್ಟಣದ ದೊಡ್ಡ ಸಂತ ಮೇರಿಯಮ್ಮನವರ ಇಗರ್ಜಿಯ ನೆರೆಯಲ್ಲಿದೆ. ಆ ದೊಡ್ಡ ಇಗರ್ಜಿಯಲ್ಲಿ ಹಾನ್ಸ್ ವಿಟ್ಟೆನ್ ಎಂಬ ಶಿಲ್ಪಿ 1511ರಲ್ಲಿ ಮಾಡಿದ ಪ್ರಸಿದ್ಧ ಬಲಿಪೀಠವುಂಟು. ಕಲಾರಸಿಕರು ಅದನ್ನು ನೋಡಲು ಹೋಗುತ್ತಾರೆ. ಅಲ್ಲಿಂದ ಹೊರಬಂದವರು ಪಕ್ಕದ ಚಿಕ್ಕ ಕಟ್ಟಡವನ್ನೂ ನೋಡಬೇಕು. ಅಲ್ಲಿ ಹೆಸರಾಂತ ಶಿಲ್ಪಿಯ ಕೈಗೆಲಸ ಹುಡುಕಬೇಕಾಗಿಲ್ಲ. ಒಂದು ಹಳ್ಳಿಯಿಂದ ನಿಂತು ಉಳಿದಿರುವ ಕಟ್ಟಡ ಅದೊಂದೇ ಎಂಬುದನ್ನು ತಿಳಿದಿದ್ದರೆ ಸಾಕು.