ತೀರ್ಪಿನ ಮೇಲೆ ಬಾಜಿ

ಮುಂದೆ ನಡೆಯಲಿರುವ ಘಟನೆಯೊಂದರ ಕುರಿತು ‘ಹೌದು’ ಅಥವಾ ‘ಇಲ್ಲ’ ಎಂಬ ಕರಾರನ್ನು ಕೊಂಡು, ಊಹೆ ನಿಜವಾದರೆ ಕರಾರೊಂದಕ್ಕೆ ಒಂದು ಡಾಲರ್ ಪಡೆಯುವ, ತಪ್ಪಿದರೆ ಕೊಟ್ಟದ್ದನ್ನೆಲ್ಲ ಕಳೆದುಕೊಳ್ಳುವ ವ್ಯವಸ್ಥೆಗೆ ಮುನ್ಸೂಚನಾ ಮಾರುಕಟ್ಟೆ ಎಂದು ಹೆಸರು. ‘ಹೌದು’ ಕರಾರು 70 ಸೆಂಟಿಗೆ ಬಿಕರಿಯಾಗುತ್ತಿದ್ದರೆ ಆ ಘಟನೆ ನಡೆಯುವ ಸಂಭವವನ್ನು ಮಾರುಕಟ್ಟೆ ಶೇ. 70ರಷ್ಟೆಂದು ಎಣಿಸಿದೆ ಎಂದರ್ಥ. 1988ರಲ್ಲಿ ಅಯೋವಾ ವಿಶ್ವವಿದ್ಯಾಲಯದಲ್ಲಿ ಚುನಾವಣೆಗೆಂದು ಆರಂಭವಾದ ಈ ಪ್ರಯೋಗ ಕ್ರಮೇಣ ಕ್ರಿಮಿನಲ್ ನ್ಯಾಯಾಲಯದ ಬಾಗಿಲಿಗೂ ಬಂದು, 2024ರಲ್ಲಿ ಡೊನಾಲ್ಡ್ ಟ್ರಂಪ್ ವಿರುದ್ಧ ನ್ಯೂಯಾರ್ಕಿನಲ್ಲಿ ನಡೆದ ವಿಚಾರಣೆಯ ಫಲಿತಾಂಶದ ಮೇಲೆ ಪಾಲಿಮಾರ್ಕೆಟ್ ಎಂಬ ತಾಣದಲ್ಲಿ ಇಂಥ ಕರಾರುಗಳು ಮಾರಾಟವಾದವು.

ಆ ವರ್ಷದ ಮೇ 30ರಂದು ಸಂಜೆ ನಾಲ್ಕೂವರೆಗೆ ಜೂರಿಯನ್ನು, ಅಂದರೆ ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂದು ನಿರ್ಣಯಿಸುವ 12 ಮಂದಿ ಸಾಮಾನ್ಯ ನಾಗರಿಕರನ್ನು, ಮನೆಗೆ ಕಳುಹಿಸುವುದಾಗಿ ನ್ಯಾಯಾಧೀಶರು ಹೇಳಿದ ಕೆಲವೇ ನಿಮಿಷಗಳಲ್ಲಿ, ನಿರ್ಣಯ ಸಿದ್ಧವಾಗಿದೆ, ನಮೂನೆ ತುಂಬಲು ಇನ್ನರ್ಧ ಗಂಟೆ ಬೇಕು ಎಂದು ಒಳಗಿನಿಂದ ಚೀಟಿ ಬಂತು. 34 ಆರೋಪಗಳಿಗೂ ಉತ್ತರ ಗುರುತಿಸುತ್ತ ಕುಳಿತ ಆ 12 ಮಂದಿಗೆ ಗೊತ್ತಿದ್ದದ್ದು ಆ ಅರ್ಧ ಗಂಟೆ ಹೊರಗಿನವರಿಗೆ ಗೊತ್ತಿರಲಿಲ್ಲ. ಅಂದು ಏನೋ ಸೋರಿತೆಂದು ಇಲ್ಲಿ ಹೇಳುತ್ತಿಲ್ಲ. ಆದರೆ ಬೇಗ ತಿಳಿದವನಿಗೆ ಲಾಭ ಕೊಡುವ ಮಾರುಕಟ್ಟೆಯಲ್ಲಿ ಎಲ್ಲರಿಗಿಂತ ಮೊದಲು ತಿಳಿದವರೇ ಫಲವನ್ನು ನಿರ್ಧರಿಸುವವರೂ ಆಗಿರುವುದು ಸಣ್ಣ ಸಂಗತಿಯಲ್ಲ. ಮಳೆಯ ಮೇಲೆ ಬಾಜಿ ಕಟ್ಟಿದವನು ಮೋಡಕ್ಕೆ ಲಂಚ ಕೊಡಲಾರ; ಸಾಕ್ಷಿಗೆ, ಗುಮಾಸ್ತನಿಗೆ, ಜೂರಿಯ ಸದಸ್ಯನಿಗೆ ಕೊಡಬಲ್ಲ.

ಈ ಅಳುಕು ಹಳೆಯದು. ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದ ಆದೇಶವೊಂದನ್ನು ಹೌಸ್ ಆಫ್ ಲಾರ್ಡ್ಸ್ ರದ್ದುಮಾಡುವುದೋ ಇಲ್ಲವೋ ಎಂಬ ಬಾಜಿಯನ್ನು 1774ರ ಜೋನ್ಸ್–ರ‍್ಯಾಂಡಲ್ ಮೊಕದ್ದಮೆಯಲ್ಲಿ ನ್ಯಾಯಾಧೀಶ ಲಾರ್ಡ್ ಮ್ಯಾನ್ಸ್‌ಫೀಲ್ಡ್ ಸಿಂಧುವೆಂದು ಎತ್ತಿಹಿಡಿದರೂ, ಅದೇ ಬಾಜಿಯನ್ನು ನ್ಯಾಯಾಧೀಶನೊಡನೆ ಕಟ್ಟಿದ್ದರೆ ಅದು ಲಂಚವೇ ಆಗುತ್ತಿತ್ತೆಂಬ ಎಚ್ಚರ ಅವರಿಗಿತ್ತು. 1839ರ ಇವಾನ್ಸ್–ಜೋನ್ಸ್ ಮೊಕದ್ದಮೆಯಲ್ಲಿ ಬಾಜಿ ಕಟ್ಟಿದ್ದು ಕೈದಿಯೊಬ್ಬನ ಕ್ರಿಮಿನಲ್ ವಿಚಾರಣೆಯ ಫಲದ ಮೇಲೆ. ನ್ಯಾಯದಾನಕ್ಕೆ ಅಡ್ಡಬರುವ ಆಸೆಯನ್ನು ಅದು ಹುಟ್ಟಿಸುತ್ತದೆಂದು, ಅಂದರೆ ಸಾರ್ವಜನಿಕ ಹಿತಕ್ಕೆ ವಿರುದ್ಧವೆಂದು, ಎಕ್ಸ್‌ಚೆಕರ್ ನ್ಯಾಯಾಲಯ ಅದನ್ನು ತಳ್ಳಿಹಾಕಿತು. ಊಹೆ ಎಷ್ಟು ಕರಾರುವಾಕ್ಕು ಎಂಬ ಚರ್ಚೆಯಲ್ಲೇ ಮುಳುಗಿದ ಇಂದಿನ ಸಮರ್ಥಕರು ಈ ವ್ಯತ್ಯಾಸವನ್ನು ಸಾಕಷ್ಟು ಗಮನಿಸಿಲ್ಲ.

ಬಾಜಿಯ ಕರಾರು ಅನೂರ್ಜಿತವೆಂದು ಸಾರುವ ಭಾರತೀಯ ಕರಾರು ಕಾಯ್ದೆಯ (1872) 30ನೇ ಕಲಮು, 500 ರೂಪಾಯಿಗೆ ಕಡಿಮೆಯಿಲ್ಲದ ಬಹುಮಾನದ ಕುದುರೆ ಪಂದ್ಯಕ್ಕೆ ಮಾತ್ರ ಔದಾರ್ಯ ತೋರುತ್ತದೆ. ಅನೂರ್ಜಿತ ಎಂದರೆ ಗೆದ್ದವನ ವಸೂಲಿಗೆ ನ್ಯಾಯಾಲಯ ನೆರವಾಗದು ಎಂದಷ್ಟೇ ಅರ್ಥ. ಪಾಲಿಮಾರ್ಕೆಟ್‌ನಂಥಲ್ಲಿ ಪಣದ ಪೂರ್ತಿ ಹಣ ಮೊದಲೇ ಠೇವಣಿಯಾಗಿರುವುದರಿಂದ ಸೋತವನು ಕೊಡಲೊಲ್ಲೆ ಎನ್ನುವ ಪ್ರಸಂಗವೇ ಬಾರದೆ, 1839ರಂಥ ವ್ಯಾಜ್ಯ ಕೋರ್ಟಿನ ಮೆಟ್ಟಿಲೇರುವುದೂ ಇಲ್ಲ. ಹೀಗಾಗಿ ತಡೆಯುವುದಿದ್ದರೆ ಕರಾರು ಮಾರಾಟಕ್ಕೆ ಬರುವ ಮುನ್ನವೇ ತಡೆಯಬೇಕು. ಸಾರ್ವಜನಿಕ ಹಿತದ ಹೆಸರಿನಲ್ಲಿ ಹಾಗೆ ತಡೆಯುವ ಅಧಿಕಾರವನ್ನು ಅಮೆರಿಕದ ಸರಕು ವಾಯಿದೆ ವ್ಯಾಪಾರ ಆಯೋಗಕ್ಕೆ ಕೊಟ್ಟಿರುವ ಕಾನೂನು ಭಯೋತ್ಪಾದನೆ, ಹತ್ಯೆ, ಯುದ್ಧ, ಜೂಜು, ಕಾನೂನುಬಾಹಿರ ಕೃತ್ಯಗಳನ್ನು ಹೆಸರಿಸುತ್ತದೆ. ಕ್ರಿಮಿನಲ್ ವಿಚಾರಣೆಯ ತೀರ್ಪನ್ನು ಹೆಸರಿಸಿಲ್ಲ.