ಬಿಸಿ ನೋಡಿ ಬೀಸುವ ಫ್ಯಾನು



ಹಳೆಯ ಪೆಟ್ರೋಲ್ ಅಂಬಾಸಡರ್ ಕಾರಿನ ಬಾನೆಟ್ ಎತ್ತಿದರೆ ರೇಡಿಯೇಟರಿನ ಬೆನ್ನಿಗೇ ಒಂದು ಫ್ಯಾನು ಕಾಣುತ್ತದೆ. ಅದಕ್ಕೆ ಸ್ವಂತ ಮೋಟಾರಿಲ್ಲ. ಎಂಜಿನ್ನಿನ ಮುಂದಿರುವ ಪುಲ್ಲಿಯಿಂದ ಹೊರಟ ಒಂದೇ ರಬ್ಬರ್ ಬೆಲ್ಟು ವಾಟರ್ ಪಂಪನ್ನೂ ತಿರುಗಿಸುತ್ತದೆ, ಡೈನಮೋವನ್ನೂ ತಿರುಗಿಸುತ್ತದೆ. ಪಂಪಿನ ಪುಲ್ಲಿಗೆ ಬೋಲ್ಟು ಹಾಕಿ ಕೂರಿಸಿದ ಫ್ಯಾನು ಅದರ ಜೊತೆಗೇ ಸುತ್ತುತ್ತದೆ. ಬ್ರಿಟನ್ನಿನ ಮಾರಿಸ್ ಆಕ್ಸ್‌ಫರ್ಡ್ ಕಾರಿನಿಂದ ಬಂದ ಈ ಏರ್ಪಾಟು ಕೋಲ್ಕತ್ತದ ಹತ್ತಿರದ ಉತ್ತರಪಾಡಾದಲ್ಲಿ ತಯಾರಾದ ಅಂಬಾಸಡರ್‌ಗಳಲ್ಲಿ ದಶಕಗಟ್ಟಲೆ ನಡೆದುಬಂತು. ಪ್ರೀಮಿಯರ್ ಪದ್ಮಿನಿಯಲ್ಲೂ ಹಳೆಯ ಮಹೀಂದ್ರಾ ಜೀಪಿನಲ್ಲೂ ಇದ್ದದ್ದು ಇದೇ ಬಗೆಯ ಫ್ಯಾನು.

ಇಂಥ ಗಾಡಿಗಳನ್ನು ಇವತ್ತಿಗೂ ಪ್ರೀತಿಯಿಂದ ಇಟ್ಟುಕೊಂಡಿರುವವರು ನಮ್ಮಲ್ಲಿ ಬಹಳ ಮಂದಿ. ಈ ಫ್ಯಾನು ತೆಗೆದು ಕರೆಂಟಿನ ಫ್ಯಾನು ಹಾಕಿಸಬಹುದೇ ಎಂಬುದು ಅವರ ಪ್ರಶ್ನೆ. ಹಾಕಿಸಬಹುದು, ಒಳ್ಳೆಯದೂ ಹೌದು. ಆದರೆ ಯಾಕೆ ಒಳ್ಳೆಯದು ಎಂಬುದು ಗೊತ್ತಿದ್ದರೆ ಮಾತ್ರ ಕೆಲಸ ಸರಿಯಾಗುತ್ತದೆ.

ಎಂಜಿನ್ನಿನಲ್ಲಿ ಉರಿದ ಪೆಟ್ರೋಲಿನ ಶಾಖದಲ್ಲಿ ಸ್ಥೂಲವಾಗಿ ಮೂರನೇ ಒಂದು ಭಾಗವನ್ನು ನೀರು ಹೊತ್ತು ತಂದು ರೇಡಿಯೇಟರಿಗೆ ಸುರಿಯುತ್ತದೆ. ಅಲ್ಲಿಂದ ಅದನ್ನು ಒಯ್ಯಬೇಕಾದದ್ದು ಗಾಳಿ. ಗಾಡಿ ಗಂಟೆಗೆ ಐವತ್ತು ಅರುವತ್ತು ಕಿಲೋಮೀಟರ್ ವೇಗದಲ್ಲಿ ಓಡುವಾಗ ಎದುರುಗಾಳಿಯೇ ಸಾಕು. ಫ್ಯಾನಿನ ಹಂಗೇ ಬೇಡ. ಗಾಳಿ ಇಲ್ಲದೆ ಪೇಚಾಟ ಶುರುವಾಗುವುದು ಗಾಡಿ ನಿಂತಾಗ. ಬೆಂಗಳೂರಿನ ಸಿಗ್ನಲ್ಲಿನಲ್ಲಿ ಏಪ್ರಿಲ್ ಮಧ್ಯಾಹ್ನ ನಿಂತ ಕಾರಿನ ಎಂಜಿನ್ ನಿಮಿಷಕ್ಕೆ ಎಂಟುನೂರು ಸುತ್ತು ಹಾಕುತ್ತಿರುತ್ತದೆ. ಬೆಲ್ಟಿಗೆ ಕಟ್ಟುಬಿದ್ದ ಫ್ಯಾನೂ ಆಗ ಸೋಮಾರಿಯಾಗಿಯೇ ತಿರುಗುತ್ತದೆ. ಅದೇ ಕಾರು ತುಮಕೂರು ರಸ್ತೆಯಲ್ಲಿ ಓಡುವಾಗ ಫ್ಯಾನು ಭೋರ್ಗರೆಯುತ್ತದೆ. ಸೆಖೆಯಲ್ಲಿ ಬೆವರುತ್ತ ಕೂತವನಿಗೆ ಮೆಲ್ಲಗೆ, ಗಾಳಿಗೆದುರಾಗಿ ಓಡುವವನಿಗೆ ಜೋರಾಗಿ ಬೀಸಣಿಗೆ ಬೀಸಿದ ಹಾಗಾಯಿತು.

ಹೀಗೆ ಬೀಸುವುದಕ್ಕೆ ತೆರುವ ಬೆಲೆಯೂ ಸಣ್ಣದಲ್ಲ. ಫ್ಯಾನಿನ ವೇಗ ಎರಡು ಪಟ್ಟಾದರೆ ಅದು ತಳ್ಳುವ ಗಾಳಿ ಎರಡು ಪಟ್ಟಾಗುತ್ತದೆ, ಆದರೆ ಅದನ್ನು ತಿರುಗಿಸಲು ಬೇಕಾದ ಶಕ್ತಿ ಎಂಟು ಪಟ್ಟು. ಎಂಟುನೂರು ಸುತ್ತಿನಿಂದ ನಾಲ್ಕು ಸಾವಿರಕ್ಕೆ ಏರಿದಾಗ ವೇಗ ಐದು ಪಟ್ಟು, ಶಕ್ತಿ ಲೆಕ್ಕದ ಪ್ರಕಾರ 125 ಪಟ್ಟು. ಬೇಡದ ಗಾಳಿಗೆ ಇಷ್ಟು ಖರ್ಚು. ಇದನ್ನು ತಗ್ಗಿಸಲೆಂದೇ ಕೆಲವು ಗಾಡಿಗಳಲ್ಲಿ ಸಿಲಿಕೋನ್ ಎಣ್ಣೆ ತುಂಬಿದ ಕ್ಲಚ್ಚಿನ ಮೇಲೆ ಫ್ಯಾನು ಕೂರಿಸುತ್ತಾರೆ. ರೇಡಿಯೇಟರಿನಿಂದ ಬರುವ ಗಾಳಿ ಬಿಸಿಯಾದಾಗ ಹಿಡಿತ ಬಿಗಿಯಾಗುತ್ತದೆ, ತಣ್ಣಗಾದಾಗ ಸಡಿಲವಾಗುತ್ತದೆ. ಆದರೂ ಎಂಜಿನ್ ಮೆಲ್ಲಗೆ ತಿರುಗುವಾಗ ಫ್ಯಾನಿಗೆ ಅದಕ್ಕಿಂತ ಹೆಚ್ಚಿನ ವೇಗ ಬರುವುದಿಲ್ಲ.

1983ರ ಡಿಸೆಂಬರಿನಲ್ಲಿ ಮಾರುತಿ 800 ರಸ್ತೆಗಿಳಿದಾಗ ಅದರಲ್ಲಿ ಎಂಜಿನ್ ಅಡ್ಡಡ್ಡವಾಗಿ ಮಲಗಿತ್ತು. ಪುಲ್ಲಿ ಇರುವುದು ಗಾಡಿಯ ಪಕ್ಕಕ್ಕೆ, ರೇಡಿಯೇಟರ್ ಇರುವುದು ಮುಂದಕ್ಕೆ. ಬೆಲ್ಟಿನಿಂದ ನೇರವಾಗಿ ಫ್ಯಾನು ತಿರುಗಿಸುವ ಹಾಗಿರಲಿಲ್ಲ. (1959ರ ಬ್ರಿಟಿಷ್ ಮಿನಿ ಕಾರಿನಲ್ಲೂ ಎಂಜಿನ್ ಅಡ್ಡಲಾಗಿಯೇ ಇತ್ತು, ಅದರ ತಯಾರಕರು ರೇಡಿಯೇಟರನ್ನೇ ಪಕ್ಕಕ್ಕೆ ತಿರುಗಿಸಿ ಕೂರಿಸಿದ್ದರು.) ಮಾರುತಿಗೆ ಕರೆಂಟಿನ ಫ್ಯಾನು ಬಂತು. ನೀರಿನ ಬಿಸಿ ನೋಡಿ ತಾನಾಗಿ ಶುರುವಾಗಿ, ತಣ್ಣಗಾದ ಮೇಲೆ ತಾನಾಗಿ ನಿಲ್ಲುವ ಫ್ಯಾನು ನಮ್ಮ ಬೀದಿಗಳಲ್ಲಿ ಮಾಮೂಲಾದದ್ದು ಆಮೇಲೆ.

ಈಗ ಹಳೆಯ ಗಾಡಿಗೆ ಬರೋಣ. ಎಲ್ಲಕ್ಕಿಂತ ಮೊದಲು ನೋಡಬೇಕಾದದ್ದು ಕರೆಂಟು ಎಲ್ಲಿಂದ ಬರುತ್ತದೆ ಎಂಬುದು. ಸಾಧಾರಣ ಫ್ಯಾನೊಂದು 12 ವೋಲ್ಟಿನಲ್ಲಿ 10 ಆಂಪಿಯರ್ ಎಳೆಯುತ್ತದೆ, ದೊಡ್ಡದಾದರೆ 20. ಹಳೆಯ ಡೈನಮೋ ಕೊಡುವುದು ಹೆಚ್ಚೆಂದರೆ ಇಪ್ಪತ್ತು ಇಪ್ಪತ್ತೆರಡು ಆಂಪಿಯರ್, ಅದೂ ಎಂಜಿನ್ ಚೆನ್ನಾಗಿ ಓಡುವಾಗ. ಜುಲೈ ತಿಂಗಳ ರಾತ್ರಿ, ಮಳೆಯಲ್ಲಿ, ಶಿರಾಡಿ ಘಾಟಿ ಹತ್ತುತ್ತಿದ್ದೀರಿ ಎಂದುಕೊಳ್ಳಿ. ಹೆಡ್‌ಲೈಟಿನ ಎರಡು 55 ವ್ಯಾಟ್ ಬಲ್ಬುಗಳಿಗೇ ಒಂಬತ್ತು ಆಂಪಿಯರ್ ಹೋಯಿತು. ವೈಪರಿಗೆ, ಇಗ್ನಿಷನ್ನಿಗೆ, ಹಿಂದಿನ ದೀಪಗಳಿಗೆ ಮತ್ತಷ್ಟು. ಅದರ ಮೇಲೆ ಫ್ಯಾನು. ಕೊರತೆ ಬಿದ್ದದ್ದನ್ನೆಲ್ಲ ಬ್ಯಾಟರಿ ತುಂಬಿಕೊಡಬೇಕು, ಅದು ಎಷ್ಟು ಹೊತ್ತು ಕೊಟ್ಟೀತು? ಇನ್ನು ಸಿಗ್ನಲ್ಲಿನಲ್ಲಿ, ಅಂದರೆ ಫ್ಯಾನು ನಿಜಕ್ಕೂ ಬೇಕಾದ ಹೊತ್ತಿನಲ್ಲಿ, ಡೈನಮೋ ಚಾರ್ಜ್ ಮಾಡುವುದೇ ಇಲ್ಲವೆನ್ನಬಹುದು. ಆದ್ದರಿಂದ ಡೈನಮೋ ಇರುವ ಗಾಡಿಗೆ ಮೊದಲು, ಎಂಜಿನ್ ಮೆಲ್ಲಗೆ ತಿರುಗುವಾಗಲೂ ಕರೆಂಟು ಕೊಡುವ ಆಲ್ಟರ್ನೇಟರ್ ಹಾಕಿಸಬೇಕು, ಫ್ಯಾನಿನ ಮಾತು ಆಮೇಲೆ. ಈ ವಿಷಯದಲ್ಲಿ ನಾನು ರಾಜಿಯಾಗಲಾರೆ.

ಫ್ಯಾನಿನ ಕರೆಂಟು ಡ್ಯಾಶ್‌ಬೋರ್ಡಿನ ಸಣ್ಣ ಸ್ವಿಚ್ಚಿನ ಮೂಲಕ ಹರಿಯಬಾರದು. ಮೋಟಾರು ಶುರುವಾಗುವ ಕ್ಷಣ ಅದು ಓಡುವಾಗಿನ ಕರೆಂಟಿನ ಹಲವು ಪಟ್ಟು ಎಳೆಯುತ್ತದೆ. ಸ್ವಿಚ್ಚೂ ತೆಳು ವೈರೂ ಸುಟ್ಟುಹೋಗುತ್ತವೆ. ಬ್ಯಾಟರಿಯಿಂದ ದಪ್ಪ ವೈರು, ಬ್ಯಾಟರಿಯ ಹತ್ತಿರವೇ ಒಂದು ಫ್ಯೂಸು, ಅಲ್ಲಿಂದ ರಿಲೇ (ಸಣ್ಣ ಕರೆಂಟಿನ ಅಪ್ಪಣೆಗೆ ದೊಡ್ಡ ಕರೆಂಟು ಹರಿಯಬಿಡುವ ಸ್ವಿಚ್ಚು), ರಿಲೇಯಿಂದ ಫ್ಯಾನು. ರಿಲೇಗೆ ಅಪ್ಪಣೆ ಕೊಡುವುದು ನೀರಿನಲ್ಲಿ ಮುಳುಗಿ ಕೂತ ಥರ್ಮೋ ಸ್ವಿಚ್. ಅದು ಸುಮಾರು 92 ಡಿಗ್ರಿಗೆ ಹಾಕಿ 87ಕ್ಕೆ ಆರಿಸುವಂಥದ್ದಾದರೆ ಸರಿ. ಇಲ್ಲೊಂದು ಸೂಕ್ಷ್ಮವಿದೆ: ಬಿಸಿಯಾದ ನೀರನ್ನು ರೇಡಿಯೇಟರಿಗೆ ಬಿಡುವ ಎಂಜಿನ್ನಿನ ಥರ್ಮೋಸ್ಟಾಟ್ ತೆರೆಯುವುದೇ ಸಾಮಾನ್ಯವಾಗಿ ಸುಮಾರು 82 ಡಿಗ್ರಿಗೆ. ಸ್ವಿಚ್ ಆರುವ ಬಿಸಿ ಅದಕ್ಕಿಂತ ಕೆಳಗಿದ್ದರೆ ಫ್ಯಾನು ಒಮ್ಮೆ ಶುರುವಾದದ್ದು ನಿಲ್ಲುವುದೇ ಕಷ್ಟ. ಜೊತೆಗೆ ಕೈಯಿಂದ ಹಾಕುವ ಒಂದು ಸ್ವಿಚ್, ಫ್ಯಾನಿಗೆ ಕರೆಂಟು ಹೋಗುತ್ತಿದೆ ಎಂದು ತೋರಿಸುವ ಒಂದು ಪುಟ್ಟ ದೀಪ ಇರಲಿ. ಬೆಲ್ಟು ಕಡಿದರೆ ಡ್ಯಾಶ್‌ಬೋರ್ಡಿನಲ್ಲಿ ಚಾರ್ಜಿಂಗಿನ ಕೆಂಪು ದೀಪ ಹತ್ತಿ ಎಚ್ಚರಿಸುತ್ತಿತ್ತು. ಫ್ಯಾನಿನ ಫ್ಯೂಸು ಹೋದರೆ ಎಚ್ಚರಿಸಲು ಯಾರೂ ಇಲ್ಲ, ಟೆಂಪರೇಚರ್ ಮೀಟರಿನ ಮುಳ್ಳು ಏರುವುದನ್ನು ನೀವೇ ಗಮನಿಸಬೇಕು.

ಫ್ಯಾನನ್ನು ರೇಡಿಯೇಟರಿನ ಹಿಂದೆ, ಗಾಳಿಯನ್ನು ಎಳೆಯುವ ಹಾಗೆ ಕೂರಿಸುವುದು ಉತ್ತಮ. ಸುತ್ತ ಒಂದು ತಗಡಿನ ಕವಚ ಇದ್ದರೆ ಇಡೀ ರೇಡಿಯೇಟರಿನ ಮೂಲಕ ಗಾಳಿ ಬರುತ್ತದೆ. ಇಲ್ಲದಿದ್ದರೆ ಫ್ಯಾನಿನ ಎದುರಿನ ಭಾಗ ಮಾತ್ರ ತಣ್ಣಗಾಗುತ್ತದೆ. ರೇಡಿಯೇಟರಿನ ಜಾಲರಿಯ ನಡುವೆ ಪ್ಲಾಸ್ಟಿಕ್ ಕಡ್ಡಿ ತೂರಿಸಿ ಕಟ್ಟಿಬಿಡುವ ಸುಲಭದ ದಾರಿಯನ್ನು ಒಪ್ಪಬೇಡಿ. ಅದುರಿ ಅದುರಿ ಟ್ಯೂಬು ಸವೆದು ಸೋರುತ್ತದೆ. ಹಳೆಯ ಫ್ಯಾನು ತೆಗೆದ ಮೇಲೆ ಪುಲ್ಲಿಗೆ ಗಿಡ್ಡ ಬೋಲ್ಟು ಬೇಕಾಗುತ್ತದೆ, ಬೆಲ್ಟು ಮಾತ್ರ ಇದ್ದಲ್ಲೇ ಇರಬೇಕು, ಪಂಪು ತಿರುಗುವುದು ಅದರಿಂದಲೇ. ಗುಜರಿಯಲ್ಲಿ ಸುಲಭವಾಗಿ ಸಿಗುವ ಮಾರುತಿ 800ರ ಫ್ಯಾನು 796 ಸಿಸಿ ಎಂಜಿನ್ನಿಗೆ ಅಳೆದು ಮಾಡಿದ್ದು. 1489 ಸಿಸಿಯ ಅಂಬಾಸಡರಿಗೆ ಅದೊಂದನ್ನೇ ನಂಬುವುದು ತಪ್ಪು.

ಇನ್ನೊಂದು ಮಾತು ಹೇಳಲೇಬೇಕು. ಗಾಡಿ ಹೀಟಾಗುತ್ತಿದೆ ಎಂಬ ಕಾರಣಕ್ಕೇ ಫ್ಯಾನು ಬದಲಿಸಲು ಹೊರಟಿದ್ದರೆ ಮೊದಲು ರೇಡಿಯೇಟರ್ ಬಿಚ್ಚಿಸಿ ನೋಡಿ. ಕೋಲಾರ, ಚಿಕ್ಕಬಳ್ಳಾಪುರದ ಕಡೆಯ ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಗಟ್ಟಲೆ ಹೊಯ್ದಿದ್ದರೆ ಟ್ಯೂಬುಗಳ ಒಳಗೆ ಸುಣ್ಣ ಕಟ್ಟಿರುತ್ತದೆ. ಆ ಪದರ ಶಾಖವನ್ನು ಹೊರಗೆ ಬಿಡುವುದಿಲ್ಲ, ಎಷ್ಟು ಬೀಸಿದರೂ ಪ್ರಯೋಜನವಿಲ್ಲ. ಕ್ಲೀನ್ ಮಾಡಿಸಿ, ಡಿಸ್ಟಿಲ್ಡ್ ವಾಟರ್ ಬೆರೆಸಿದ ಕೂಲೆಂಟ್ ತುಂಬಿಸಿ, ಮುಚ್ಚಳದ ಸ್ಪ್ರಿಂಗು ಗಟ್ಟಿಯಿದೆಯೇ ನೋಡಿ. ಎಷ್ಟೋ ಗಾಡಿಗಳ ರೋಗ ಅಲ್ಲಿಗೇ ವಾಸಿಯಾಗುತ್ತದೆ.

ಭಾರ ಹೊತ್ತು ಘಾಟಿ ಹತ್ತುವ ಜೀಪಿಗೆ, ದಿನವಿಡೀ ಉಳುವ ಟ್ರ್ಯಾಕ್ಟರಿಗೆ ಬೆಲ್ಟಿನ ಫ್ಯಾನೇ ಸರಿ. ಅಲ್ಲಿ ಗಾಡಿಯ ವೇಗ ಕಡಿಮೆ, ಎಂಜಿನ್ನಿನ ಸುತ್ತು ಹೆಚ್ಚು, ಶಾಖವೂ ಹೆಚ್ಚು. ಫ್ಯಾನು ಬೀಸಬೇಕಾದ ಹೊತ್ತಿಗೇ ಬೀಸುತ್ತಿರುತ್ತದೆ. ಹಳ್ಳ ದಾಟುವ ಮಲೆನಾಡಿನ ಜೀಪಿಗೆ ಮಾತ್ರ ಸ್ವಿಚ್ಚಿನಿಂದ ನಿಲ್ಲಿಸಬಹುದಾದ ಫ್ಯಾನಿನ ಲಾಭವಿದೆ, ನಿಂತ ಫ್ಯಾನು ನೀರನ್ನು ಎರಚಿ ಇಗ್ನಿಷನ್ನಿನ ಡಿಸ್ಟ್ರಿಬ್ಯೂಟರ್ ತೋಯಿಸುವುದಿಲ್ಲ.

ಹೊಸ ಫ್ಯಾನು ಹಾಕಿಸಿದ ದಿನವೇ ದೂರದ ಊರಿಗೆ ಹೊರಡಬೇಡಿ. ಮನೆಯ ಮುಂದೆ ಎಂಜಿನ್ ಓಡಿಸಿ ಬಿಟ್ಟು, ಫ್ಯಾನು ಯಾವ ಬಿಸಿಗೆ ಶುರುವಾಗುತ್ತದೆ, ಎಷ್ಟು ಹೊತ್ತಿಗೆ ನಿಲ್ಲುತ್ತದೆ ಎಂದು ನೋಡಿ. ಆಮೇಲೆ ಹೆಡ್‌ಲೈಟು ಹಾಕಿಕೊಂಡು ಅದನ್ನೇ ಇನ್ನೊಮ್ಮೆ ಮಾಡಿ. ಎಂಜಿನ್ ಆರಿಸಿದ ಮೇಲೂ ಫ್ಯಾನು ತಾನಾಗಿ ಶುರುವಾಗುವಂತೆ ವೈರಿಂಗ್ ಮಾಡಿಸಿದ್ದರೆ ಮನೆಯವರಿಗೂ ಮೆಕ್ಯಾನಿಕ್ಕಿಗೂ ತಿಳಿಸಿ, ಬಾನೆಟ್ಟಿನೊಳಗೆ ಕೈ ಹಾಕುವ ಮುನ್ನ ಬ್ಯಾಟರಿಯ ವೈರು ಬಿಚ್ಚಲಿ.