ಕುಲುಮೆಯಿಂದ ಹಾರಿದ ಅಗ್ನಿಬಾಣ

(ಯುದ್ಧಕಾಲದ ಶೋಧಗಳನ್ನು ಕುರಿತು ಇತಿಹಾಸಾಸಕ್ತರ ವಾರಾಂತ್ಯ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಪಾಠ)



ಯುದ್ಧಕಾಲದ ಶೋಧಗಳೆಂದರೆ ಥಟ್ಟನೆ ನೆನಪಿಗೆ ಬರುವುದು ಎರಡನೇ ಮಹಾಯುದ್ಧದ ರಾಡಾರ್, ಜೆಟ್ ವಿಮಾನ, ಅಣುಬಾಂಬ್. ಅವುಗಳಿಗಿಂತ ನೂರೈವತ್ತು ವರ್ಷಗಳಷ್ಟು ಹಿಂದೆಯೇ ಮೈಸೂರು ಸೀಮೆಯ ಆಯುಧವೊಂದು ಬ್ರಿಟಿಷ್ ಸೇನೆಯನ್ನು ಯೋಚನೆಗೆ ಹಚ್ಚಿತ್ತು. ಅದೇ ಹೈದರಾಲಿ ಮತ್ತು ಟಿಪ್ಪು ಸುಲ್ತಾನರ ಕಾಲದ ಕಬ್ಬಿಣದ ರಾಕೆಟ್.

ರಾಕೆಟ್ಟನ್ನು ಕಂಡುಹಿಡಿದವರು ಅವರೇನಲ್ಲ. ಚೀನಾದಲ್ಲಿ ಅದು ಶತಮಾನಗಳ ಹಿಂದೆಯೇ ಇತ್ತು. ನಮ್ಮ ಉತ್ಸವಗಳ ಬಾಣ ಬಿರುಸು ಕೂಡ ಅದೇ ಜಾತಿಗೆ ಸೇರಿದ್ದು. ಹಾಗಾದರೆ ಮೈಸೂರಿನಲ್ಲಿ ಆದ ಹೊಸತೇನು? ಉತ್ತರ ಇರುವುದು ಮದ್ದಿನಲ್ಲಲ್ಲ, ಮದ್ದು ತುಂಬುವ ಕೊಳವೆಯಲ್ಲಿ.

ಕಾಗದದ ಕೊಳವೆಗೆ ಮದ್ದನ್ನು ಗಟ್ಟಿಯಾಗಿ ಜಡಿದರೆ, ಹೊತ್ತಿಕೊಂಡಾಗ ಅನಿಲದ ಒತ್ತಡ ತಾಳಲಾರದೆ ಅದು ಒಡೆಯುತ್ತದೆ. ಕಬ್ಬಿಣದ ಕೊಳವೆ ಆ ಒತ್ತಡವನ್ನು ತಾಳಿಕೊಳ್ಳುತ್ತದೆ. ಅನಿಲ ಹಿಂಬದಿಯ ರಂಧ್ರದಿಂದ ರಭಸವಾಗಿ ಹೊರನುಗ್ಗಿದಂತೆ ಕೊಳವೆ ಮುಂದಕ್ಕೆ ಚಿಮ್ಮುತ್ತದೆ. ದಿಕ್ಕು ತಪ್ಪದಿರಲೆಂದು ಉದ್ದನೆಯ ಬಿದಿರಿನ ಗಳುವನ್ನು ತೊಗಲಿನ ಪಟ್ಟಿಯಿಂದ ಅದಕ್ಕೆ ಬಿಗಿಯುತ್ತಿದ್ದರು. ಕೆಲವಕ್ಕೆ ಗಳುವಿನ ಬದಲು ಕತ್ತಿಯ ಅಲಗು. ಲಂಡನ್ನಿನ ವೂಲಿಚ್ ಸೇರಿದ ಅಂಥ ಒಂದು ಮಾದರಿಯ ಕೊಳವೆ 254 ಮಿ.ಮೀ. ಉದ್ದ, 58 ಮಿ.ಮೀ. ದಪ್ಪ ಇದೆ.

ಹೈದರನ ಕಾಲಕ್ಕೆ ಸುಮಾರು 1,200 ಮಂದಿಯಿದ್ದ ರಾಕೆಟ್ ಪಡೆ ಟಿಪ್ಪುವಿನ ಕಾಲಕ್ಕೆ 5,000ದಷ್ಟಾಯಿತೆಂದು ಹೇಳಲಾಗುತ್ತದೆ. 1780ರ ಸೆಪ್ಟೆಂಬರ್ 10ರಂದು ಕಂಚಿಯ ಬಳಿ ಪೊಲ್ಲಿಲೂರಿನಲ್ಲಿ ಕರ್ನಲ್ ಬೇಲಿಯ ಸೈನ್ಯ ಸೋತ ಕದನದಲ್ಲಿ ಈ ರಾಕೆಟ್‌ಗಳಿದ್ದವು. ಆ ಕದನದ ಭಿತ್ತಿಚಿತ್ರವನ್ನು ಶ್ರೀರಂಗಪಟ್ಟಣದ ದರಿಯಾ ದೌಲತ್‌ನಲ್ಲಿ ನೋಡಬಹುದು. ಮುಂದೆ ನೆಪೋಲಿಯನ್ನನನ್ನು ಸೋಲಿಸಿದ ಆರ್ಥರ್ ವೆಲ್ಲೆಸ್ಲಿ ಕೂಡ 1799ರ ಏಪ್ರಿಲ್‌ನಲ್ಲಿ ಸುಲ್ತಾನ್‌ಪೇಟೆಯ ತೋಪಿನಲ್ಲಿ, ಕತ್ತಲೆಯಲ್ಲಿ ಈ ಬಾಣಗಳ ಬಿಸಿ ಉಂಡವನೇ.

ಹಾಗೆಂದು ಇದನ್ನು ಬ್ರಹ್ಮಾಸ್ತ್ರವೆಂದು ಭಾವಿಸಬೇಕಾಗಿಲ್ಲ. ಗುರಿ ನಿಖರವಾಗಿರಲಿಲ್ಲ. ಕುದುರೆಗಳನ್ನು ಬೆದರಿಸಲು, ದಂಡಿನ ಸಾಲು ಒಡೆಯಲು ಅದು ಒದಗುತ್ತಿತ್ತೇ ಹೊರತು ಕೋಟೆ ಕೆಡವಲು ಫಿರಂಗಿಯೇ ಬೇಕಿತ್ತು. ಶ್ರೀರಂಗಪಟ್ಟಣದ ಗೋಡೆ ಬಿರುಕು ಬಿಟ್ಟದ್ದೂ ಫಿರಂಗಿಗೇ. 1799ರ ಮೇ 4ರಂದು ಕೋಟೆ ಬಿತ್ತು, ಟಿಪ್ಪು ಮಡಿದ. ಇಂಗ್ಲಿಷರ ಕೈಗೆ 700 ಸಿದ್ಧ ರಾಕೆಟ್, 9,000 ಖಾಲಿ ಕೊಳವೆ ಸಿಕ್ಕವೆಂಬ ಲೆಕ್ಕವಿದೆ.

ಕಥೆ ಇಲ್ಲಿಂದ ವೂಲಿಚ್‌ಗೆ ಸಾಗುತ್ತದೆ. ಅಲ್ಲಿನ ಶಸ್ತ್ರಾಗಾರದ ಪ್ರಯೋಗಶಾಲೆಯ ಮುಖ್ಯಸ್ಥನ ಮಗ ವಿಲಿಯಂ ಕಾಂಗ್ರೀವ್ ಮೊದಲು ಲಂಡನ್ನಿನ ಪಟಾಕಿ ರಾಕೆಟ್‌ಗಳನ್ನೇ ಕೊಂಡು ಪರೀಕ್ಷಿಸಿದ. ಆಮೇಲೆ ಮದ್ದಿನ ಪಾಕ, ಕೊಳವೆಯ ಗಾತ್ರ, ಹಾರುವ ದೂರ ಎಲ್ಲವನ್ನೂ ಅಳೆದು, ಬರೆದು, ಅಚ್ಚು ಹಾಕಿಸಿದ. ಅವನ ರಾಕೆಟ್‌ಗಳು 1806ರಲ್ಲಿ ಬೊಲೋನ್, 1807ರಲ್ಲಿ ಕೋಪನ್‌ಹೇಗನ್, 1814ರಲ್ಲಿ ಅಮೆರಿಕದ ಬಾಲ್ಟಿಮೋರ್ ಮೇಲೆ ಬಿದ್ದವು. ಅಮೆರಿಕದ ರಾಷ್ಟ್ರಗೀತೆಯಲ್ಲಿ ಬರುವುದು ಇವೇ ರಾಕೆಟ್‌ಗಳು. ಭಾರತದ ಸೈನ್ಯಗಳಲ್ಲಿ ರಾಕೆಟ್ ಇದ್ದದ್ದು ತನಗೆ ಗೊತ್ತಿತ್ತೆಂದು ಕಾಂಗ್ರೀವ್ ಒಪ್ಪಿಕೊಂಡ; ಆದರೆ ಅವು ಗಾತ್ರದಲ್ಲಿ ಅಷ್ಟೇನೂ ದೊಡ್ಡವಲ್ಲವೆಂದು ಬರೆದ. ಜಗತ್ತು ಅವನ್ನು 'ಕಾಂಗ್ರೀವ್ ರಾಕೆಟ್' ಎಂದೇ ಕರೆಯಿತು.

ಅವನು ಕೆಲಸ ಮಾಡಲಿಲ್ಲವೆಂದಲ್ಲ. ಅವನ ಅಳತೆ, ಲೆಕ್ಕಗಳಿಂದಲೇ ರಾಕೆಟ್ ಒಂದು ಶಾಸ್ತ್ರದ ದಾರಿ ಹಿಡಿಯಿತು. ಆದರೆ ಮೊದಲು ಕಬ್ಬಿಣ ಬಡಿದು, ಒತ್ತಡ ತಾಳುವಂತೆ ಕೊಳವೆ ಮಾಡಿದ ನಮ್ಮ ಕಮ್ಮಾರರ ಹೆಸರು ಪುಸ್ತಕಗಳಲ್ಲಿಲ್ಲ. ಅವರ ವಿದ್ಯೆ ಕೈಯಿಂದ ಕೈಗೆ ಬಂದದ್ದು. ರಾಜ್ಯ ಹೋದಾಗ ಅದನ್ನು ಕೇಳುವವರೂ ಹೋದರು. ಬೆಂಗಳೂರಿನ ವಿಜ್ಞಾನಿ ರೊದ್ದಂ ನರಸಿಂಹ 1985ರಲ್ಲಿ ಮೈಸೂರು ಮತ್ತು ಬ್ರಿಟನ್ನಿನ ರಾಕೆಟ್‌ಗಳನ್ನು ಕುರಿತು ಬರೆದ ಪ್ರಬಂಧ ಈ ಮರೆತ ಅಧ್ಯಾಯವನ್ನು ವಿದ್ವಾಂಸರ ಮುಂದಿಟ್ಟಿತು.

ಕಾಗದ ಉಳಿಸದಿದ್ದುದನ್ನು ನೆಲ ಉಳಿಸಿದೆ. 2018ರಲ್ಲಿ ಶಿವಮೊಗ್ಗ ಜಿಲ್ಲೆ ಹೊಸನಗರ ತಾಲ್ಲೂಕಿನ ನಗರದಲ್ಲಿ, ಬತ್ತಿದ ಬಾವಿಯೊಂದರಿಂದ ಸಾವಿರಕ್ಕೂ ಹೆಚ್ಚು ರಾಕೆಟ್ ಕೊಳವೆಗಳು ಹೊರಬಂದವು. ಅವನ್ನು ಗಾಜಿನ ಪೆಟ್ಟಿಗೆಯಲ್ಲಿಟ್ಟು ಹೆಮ್ಮೆಪಟ್ಟರೆ ಸಾಲದು. ಯಾವ ಕಬ್ಬಿಣ, ಎಷ್ಟು ದಪ್ಪ, ಬೆಸುಗೆ ಹೇಗೆ ಎಂದು ಒಂದೊಂದನ್ನೂ ಅಳೆದು ಬರೆದಿಡಬೇಕು. ಆ ಕಮ್ಮಾರರಿಗೆ ಏನೇನು ಗೊತ್ತಿತ್ತು ಎಂಬುದನ್ನು ಈಗ ಹೇಳಬಲ್ಲವು ಆ ಕೊಳವೆಗಳೇ.